ಬೈಂಡಿಂಗ್ ತಿರುಗಿಸಿದ ಮೇಲೆ ಹೋದ ಮಂಡಿನೋವು

ಗುಲ್ಮಾರ್ಗ್‌ನಲ್ಲಿ ಮೊದಲ ಸಲ ಸ್ನೋಬೋರ್ಡ್ ಮಾಡಿ, ಅಂದರೆ ಒಂದೇ ಹಲಗೆಯ ಮೇಲೆ ಅಡ್ಡವಾಗಿ ನಿಂತು ಹಿಮದಲ್ಲಿ ಜಾರಿ, ಮೈಸೂರಿಗೆ ಬಂದಾಗ ಹಿಂದಿನ ಕಾಲಿನ ಮಂಡಿ ವಿಪರೀತ ನೋಯುತ್ತಿತ್ತು. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಕಾಲು ಇದು. ಶಕ್ತಿ ಸಾಲದೆ ಹೀಗಾಯಿತು ಅನ್ನಿಸಲಿಲ್ಲ.

ಕುವೆಂಪುನಗರದ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ, ಬೋರ್ಡ್ ಇಟ್ಟು, ಬೂಟು ಬಿಗಿದು ನಿಂತೆ. ಅಮ್ಮ ನೋಡಿದವರೇ "ಮಂಡಿ ಒಳಕ್ಕೆ ಬೀಳ್ತಿದೆ ನೋಡೋ" ಅಂದ್ರು. ಕಾರಣ ಅಲ್ಲೇ ಇತ್ತು. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗ್ ಎರಡೂ ಬೋರ್ಡಿನ ಮುಂದಿನ ತುದಿಯ ಕಡೆಗೇ ತಿರುಗಿದ್ದವು, ಮುಂದಿನದು 21, ಹಿಂದಿನದು 6 ಡಿಗ್ರಿಗೆ. ಒಂದೇ ದಿಕ್ಕಿನಲ್ಲಿ ವೇಗವಾಗಿ, ಅಂಚಿನ ಮೇಲೆ ಕೊರೆಯುತ್ತಾ ಇಳಿಯುವವರಿಗೆ ಅದು ಒಪ್ಪುತ್ತೆ. ನಾನು ಕಲಿಯುತ್ತಿದ್ದುದು ಎರಡೂ ಕಡೆಗೆ ಜಾರುವುದನ್ನು. ಜೊತೆಗೆ ನನ್ನ ಪಾದಗಳು ಸಹಜವಾಗಿಯೇ ಹೊರಮುಖ.

ಬೈಂಡಿಂಗ್ ನಡುವಿನ ದುಂಡು ಡಿಸ್ಕಿನ ಸ್ಕ್ರೂ ಸಡಿಲಿಸಿ ಮುಂದಿನದನ್ನು 15ಕ್ಕೆ, ಹಿಂದಿನದನ್ನು ಮೈನಸ್ 9ಕ್ಕೆ, ಅಂದರೆ ಹಿಂದಿನ ತುದಿಯ ಕಡೆಗೆ 9 ಡಿಗ್ರಿಗೆ ತಂದೆ. ಇದಕ್ಕೆ 3ನೇ ಸೈಜಿನ ಸ್ಟಾರ್ ಸ್ಕ್ರೂಡ್ರೈವರ್ರೇ ಬೇಕು. ಮನೆಯಲ್ಲಿ ಸಾಮಾನ್ಯವಾಗಿ ಇರುವ 2ನೇ ಸೈಜಿನದು ಸ್ಕ್ರೂ ತಲೆಯನ್ನು ಸವೆಸಿಬಿಡುತ್ತೆ. ಕಾಲುಗಳ ಅಂತರ 58 ಸೆಂಟಿಮೀಟರ್ ಇದ್ದದ್ದು 54ಕ್ಕೆ ಇಳಿಯಿತು, ಹೆಚ್ಚೂಕಡಿಮೆ ನನ್ನ ಭುಜದಗಲ. ಬೂಟಿನ ತುದಿ ಮತ್ತು ಹಿಮ್ಮಡಿ ಬೋರ್ಡಿನಿಂದ ಒಂದೇ ಅಳತೆಗೆ ಹೊರಬರುವಂತೆ ನೋಡಿಕೊಂಡೆ. ಇದನ್ನು ದಯವಿಟ್ಟು ಬಿಡಬೇಡಿ. ಒಂದು ಕಡೆ ಹೆಚ್ಚಾದರೆ ಆ ಬದಿಗೆ ವಾಲಿದಾಗ ಬೂಟೇ ಹಿಮಕ್ಕೆ ತಾಗಿ ಬೀಳುತ್ತೀರಿ. ಕೊನೆಗೆ ಕಾಲಿನ ಹಿಂದಿರುವ ಹೈಬ್ಯಾಕ್ ಅನ್ನು ಬೋರ್ಡಿನ ಅಂಚಿಗೆ ಸಮಾನಾಂತರವಾಗಿ ತಿರುಗಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ.

ಮುಂದಿನ ಚಳಿಗಾಲ ಅಲ್ಲೇ ನಾಲ್ಕು ದಿನ ಜಾರಿದೆ. ಮೊದಲ ಇಳಿತದ ನಂತರ ಒಂದು ಸ್ಕ್ರೂ ಸಡಿಲವಾಗಿತ್ತು, ಮತ್ತೆ ಬಿಗಿದೆ. ಮಂಡಿ ನೋಯಲಿಲ್ಲ.