‘ಸೋ’ ಎಲ್ಲಿ, ‘ದೇರ್‌ಫೋರ್’ ಎಲ್ಲಿ?

ಇಂಗ್ಲಿಷಿನಲ್ಲಿ ಊಹೆ ಮುಂದಿಟ್ಟು ತೀರ್ಮಾನಕ್ಕೆ ಬರಲು ಬೇಕಾದ ಕೊಂಡಿಪದಗಳು ಬೆರಳೆಣಿಕೆಯಷ್ಟು. ಆದರೂ ಆಫೀಸಿನ ಮೇಲ್‌ಗಳಲ್ಲಿ, ಕೆಲಸದ ಅರ್ಜಿಗಳಲ್ಲಿ ನಮ್ಮವರು ಎಡವುವುದು ಇಲ್ಲೇ.

ಮೊದಲು ಊಹೆ. ಹೀಗಿದೆ ಎಂದುಕೊಂಡು ಮುಂದೆ ಹೋಗುವುದಾದರೆ ‘ಅಸ್ಯೂಮಿಂಗ್’: ‘ಅಸ್ಯೂಮಿಂಗ್ ದ ಬಸ್ ಈಸ್ ಆನ್ ಟೈಮ್, ಐ ವಿಲ್ ರೀಚ್ ಬೈ ನೈನ್.’ ಷರತ್ತು ಹಾಕುವುದಾದರೆ ‘ಪ್ರೊವೈಡೆಡ್’. ಸುಮ್ನೆ ಒಂದು ಸಾಧ್ಯತೆ ಎತ್ತಲು ‘ಸಪೋಸ್’.

‘ಅನ್‌ಲೆಸ್’ ಒಳಗೇ ‘ಇಲ್ಲದಿದ್ದರೆ’ ಇದೆ. ‘ಅನ್‌ಲೆಸ್ ಯು ಡೋಂಟ್ ಪೇ’ ಎಂದರೆ ಅರ್ಥ ತಿರುಗುಮುರುಗಾಗುತ್ತದೆ. ‘ಅನ್‌ಲೆಸ್ ಯು ಪೇ’ ಸಾಕು.

ಕಷ್ಟ ಇರುವುದು ತೀರ್ಮಾನದಲ್ಲಿ. ಮನೆಯಲ್ಲಿ ದೀಪ ಉರಿಯುತ್ತಿಲ್ಲ ಎನ್ನಿ. ಕೂಡಲೇ ‘ದೇರ್‌ಫೋರ್, ನೋಬಡಿ ಈಸ್ ಅಟ್ ಹೋಮ್’ ಎಂದು ಬರೆದುಬಿಡುತ್ತಾರೆ. ಒಳಗೆ ಮಲಗಿರಬಹುದು, ಕರೆಂಟ್ ಹೋಗಿರಬಹುದು, ಅಲ್ವಾ? ಇಲ್ಲಿ ‘ದೇ ಆರ್ ಪ್ರಾಬಬ್ಲಿ ಔಟ್’ ಸರಿ. ಬಾಗಿಲಿಗೆ ಬೀಗವೂ ಇದ್ದರೆ ‘ದೇ ಮಸ್ಟ್ ಬಿ ಔಟ್’ ಎನ್ನಿ. ಹೇಳಿದ ಮಾತಿನಿಂದ ಬೇರೆ ತೀರ್ಮಾನ ಹೊರಡುವುದೇ ಇಲ್ಲ ಎನ್ನುವಾಗ ಮಾತ್ರ ‘ದೇರ್‌ಫೋರ್’ ಬಳಸಿ. ಮಳೆ ಬಂತು, ಮ್ಯಾಚ್ ನಿಂತಿತು ಎಂಬಂಥ ನಡೆದ ಸಂಗತಿಗೆ ‘ಆಸ್ ಎ ರಿಸಲ್ಟ್’ ಚೆನ್ನ.

ಇನ್ನು ಚಿಹ್ನೆ. ‘ಸೋ’ ಎರಡು ವಾಕ್ಯಗಳನ್ನು ತಾನೇ ಕೂಡಿಸುತ್ತದೆ, ಅದಕ್ಕೆ ಮೊದಲು ಒಂದು ಕಾಮಾ ಸಾಕು. ‘ದೇರ್‌ಫೋರ್’ ಹಾಗೆ ಕೂಡಿಸುವುದಿಲ್ಲ. ‘ದ ಓನ್ಲಿ ರೋಡ್ ಈಸ್ ಕ್ಲೋಸ್ಡ್’ ಆದಮೇಲೆ ಫುಲ್‌ಸ್ಟಾಪ್ ಇಲ್ಲವೇ ಸೆಮಿಕೋಲನ್ ಹಾಕಿ, ಆಮೇಲೆ ‘ದೇರ್‌ಫೋರ್, ನೋ ಬಸ್ ಕ್ಯಾನ್ ಗೆಟ್ ಥ್ರೂ’ ಎಂದು ಬರೆಯಿರಿ. ಎರಡರ ನಡುವೆ ಬರೀ ಕಾಮಾ ಇಡುವುದು ನಾನು ಜಾಸ್ತಿ ಕಂಡ ತಪ್ಪು. ‘ಬಿಕಾಸ್’ ಎಂದು ಶುರು ಮಾಡಿದ ವಾಕ್ಯದ ನಡುವೆ ಮತ್ತೆ ‘ಸೋ’ ಬೇಡ. ‘ಆಲ್ದೋ’ ಬಂದ ಮೇಲೆ ‘ಬಟ್’ ಕೂಡ ಬೇಡ.

ನೂರು ಕೊಂಡಿಪದಗಳ ಚಾರ್ಟ್ ಮಾರುತ್ತಾರಲ್ಲ, ಅದನ್ನು ಕೊಳ್ಳಲೇಬೇಡಿ. ‘ಹೆನ್ಸ್’, ‘ದಸ್’, ‘ದೇರ್‌ಫೋರ್’ ಎಲ್ಲವನ್ನೂ ಅದು ಒಂದೇ ಸಾಲಿನಲ್ಲಿ ಇಡುತ್ತದೆ. ಆದರೆ ಕ್ರಿಯಾಪದವೇ ಇಲ್ಲದೆ ‘ಹೆನ್ಸ್ ದ ಡಿಲೇ’ ಎನ್ನಬಹುದು, ‘ದೇರ್‌ಫೋರ್ ದ ಡಿಲೇ’ ಎನ್ನುವಂತಿಲ್ಲ. ಮಾತಿನಲ್ಲಿ ಮತ್ತು ದಿನದ ಮೇಲ್‌ಗಳಲ್ಲಿ ‘ಸೋ’ ಒಂದೇ ಸಾಕು.

ಬರೆದಾದ ಮೇಲೆ ಕೊಂಡಿಪದ ತೆಗೆದು ಒಮ್ಮೆ ಓದಿ. ಎರಡು ಮಾತುಗಳ ನಂಟು ಆಗಲೂ ತಿಳಿಯುತ್ತಿದ್ದರೆ ಅದನ್ನು ಹೊರಗೇ ಬಿಡಿ.