ಗೌರಿಯ ಸುತ್ತ ಉಳಿದ ಬಿಳಿ ಗೆರೆ

ಕೊಪ್ಪಳದಲ್ಲಿ ನಾನು ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ರಾತ್ರಿ ಹಗಲು ಕೆಲಸ. ಅಂಥದೊಂದು ವಾರದಲ್ಲಿ ಬಣ್ಣದ ಕಟ್ಟಿಗೆ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರ ಕಾಕಾ ಒಬ್ಬರು ಗೌರಿ ಗೊಂಬೆಯನ್ನು ಧೋತರದಲ್ಲಿ ಸುತ್ತಿಕೊಂಡು ಬಂದರು. ಮಳಿಗೆಗೆ ಬ್ಯಾನರ್ ಬೇಕಿತ್ತು. ಅದೇ ಧೋತರವನ್ನು ಹಿಂದೆ ಇಳಿಬಿಟ್ಟು ಫೋಟೋ ತೆಗೆದೆ. ಅವಸರದಲ್ಲಿ ಇರೇಸರ್ ಹಿಡಿದು ಸುತ್ತಲಿನ ಬಟ್ಟೆ ಅಳಿಸಿದೆ, ಬಿಳಿ ಹಿನ್ನೆಲೆ ಕೊಟ್ಟು ಜೆಪೆಗ್ ಫೈಲ್ ಮಾಡಿ ತೋರಿಸಿದೆ.

‘ಹಿಂದ ಕುಂಕುಮದ ಬಣ್ಣ ಇರ್ಲಿ’ ಅಂದರು. ಬಿಳಿಯನ್ನು ಸೆಲೆಕ್ಟ್ ಮಾಡಿ ಕುಂಕುಮ ಬಣ್ಣ ತುಂಬಿದೆ. ಕಾಕಾ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಂದರು. ‘ತಮ್ಮಾ, ಗೌರಮ್ಮನ ಸುತ್ತ ಸುಣ್ಣ ಬಳದಂಗ ಐತಲ್ಲ?’ ನಿಜ, ಗೊಂಬೆಯ ಸುತ್ತಲೂ ಬಿಳಿ ಗೆರೆ. ಜೊತೆಗೆ ಇರೇಸರ್ ತಾಕಿ ಕೈಬೆರಳಿನ ತುದಿಯೂ ಹೋಗಿತ್ತು. ಜೆಪೆಗ್‌ನಲ್ಲಿ ಅದನ್ನು ಮರಳಿ ತರುವ ದಾರಿ ಇರಲಿಲ್ಲ. ಅವರ ದಿನಗಟ್ಟಲೆ ಕೆಲಸದ ಬೆರಳನ್ನು ನಾನು ಒಂದು ಕ್ಲಿಕ್ಕಿನಲ್ಲಿ ಕಳೆದಿದ್ದೆ. ಆ ರಾತ್ರಿ ಮೂಲ ಫೋಟೋ ತೆಗೆದು ಮೊದಲಿನಿಂದ ಕೂತೆ.

ನಾನು ಬಳಸೋದು ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್. ಜೆಪೆಗ್ ತೆರೆದ ಕೂಡಲೇ ಪದರಕ್ಕೆ (ಲೇಯರ್) ಆಲ್ಫಾ ಚಾನೆಲ್, ಅಂದರೆ ಪಾರದರ್ಶಕತೆಯ ಲೆಕ್ಕ, ಸೇರಿಸಬೇಕು. ಇಲ್ಲದಿದ್ದರೆ ಅಳಿಸಿದಲ್ಲಿ ಹಿನ್ನೆಲೆ ಬಣ್ಣ ಬರುತ್ತದೆಯೇ ಹೊರತು ಪಾರದರ್ಶಕ ಆಗುವುದಿಲ್ಲ. ಚಿತ್ರದ ಪ್ರತಿ ಚುಕ್ಕೆಗೆ, ಅಂದರೆ ಪಿಕ್ಸೆಲ್‌ಗೆ, ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ, ಒಂದೊಂದೂ 0ಯಿಂದ 255ರ ತನಕ. ನಾಲ್ಕನೆಯದು ಆಲ್ಫಾ. ಅದು 0 ಇದ್ದರೆ ಪಿಕ್ಸೆಲ್ ಮಾಯ, 255 ಇದ್ದರೆ ಪೂರ್ತಿ ಗಟ್ಟಿ. ಜೆಪೆಗ್‌ನಲ್ಲಿ ಈ ನಾಲ್ಕನೆಯದಕ್ಕೆ ಜಾಗವೇ ಇಲ್ಲ, ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಫೈಲಿನಲ್ಲಿ ಇದೆ.

ಈ ಸಲ ಇರೇಸರ್ ಮುಟ್ಟಲಿಲ್ಲ, ಪದರದ ಮೇಲೆ ಮುಸುಕಿನಂತೆ ಕೂರುವ ಲೇಯರ್ ಮಾಸ್ಕ್ ಹಾಕಿದೆ. ಮಾಸ್ಕಿನಲ್ಲಿ ಕಪ್ಪು ಬಳಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಬಳಿದರೆ ಅರ್ಧಂಬರ್ಧ. ಮೂಲ ಚಿತ್ರಕ್ಕೆ ಏನೂ ಆಗುವುದಿಲ್ಲ. ಬೆರಳಿನ ಹತ್ತಿರ ನಾಲ್ಕು ಸಲ ತಪ್ಪಿದೆ, ನಾಲ್ಕೂ ಸಲ ಬಿಳಿ ಬಳಿದು ಬೆರಳನ್ನು ವಾಪಸ್ ತಂದೆ.

ಆದರೆ ಬಿಳಿ ಗೆರೆ ಮಾಸ್ಕಿನಿಂದ ಪೂರ್ತಿ ಹೋಗಲಿಲ್ಲ. 400 ಪರ್ಸೆಂಟ್ ಹಿಗ್ಗಿಸಿ ನೋಡಿದಾಗ ಕಾರಣ ಗೊತ್ತಾಯಿತು. ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಗೌರಿಯ ಹಸಿರು ಸೀರೆ, ಅರ್ಧ ಬಿಳಿ ಧೋತರ. ಕ್ಯಾಮೆರಾ ಎರಡನ್ನೂ ಕಲಸಿ ಹಸಿರನ್ನು ತಿಳಿಹಸಿರು ಮಾಡಿತ್ತು. ಅಂಚನ್ನು ಎಷ್ಟು ಅರೆಪಾರದರ್ಶಕ ಮಾಡಿದರೂ ಒಳಗೆ ಕಲೆತ ಬಿಳಿ ಹಾಗೇ ಇರುತ್ತದೆ. ಅದಕ್ಕೇ ಪದರದ ನಕಲು ತೆಗೆದೆ, ನಕಲಿನ ಮೇಲೆ ಮಾತ್ರ ಮಾಸ್ಕನ್ನು ಅಪ್ಲೈ ಮಾಡಿ ಕಾಯಂ ಮಾಡಿದೆ, ಮೂಲವನ್ನು ಕಣ್ಣಿನ ಗುರುತು ಒತ್ತಿ ಮರೆಮಾಡಿದೆ. ಆಮೇಲೆ ನಕಲಿಗೆ ಆಲ್ಫಾ ಲಾಕ್. ಲಾಕ್ ಇದ್ದಾಗ ಬ್ರಷ್ಷು ಬಣ್ಣ ಬದಲಿಸುತ್ತದೆ, ಪಾರದರ್ಶಕತೆ ಬದಲಿಸುವುದಿಲ್ಲ. ಸೀರೆಯ ಒಳಗಿನ ಹಸಿರನ್ನು ಎತ್ತಿಕೊಂಡು ಸಣ್ಣ ಬ್ರಷ್ಷಿನಿಂದ ಅಂಚಿನುದ್ದಕ್ಕೂ ಎಳೆದೆ. ಒಡವೆಯ ಹೊಳಪಿನ ಹತ್ತಿರ ಬಹಳ ಹೊತ್ತು ಹಿಡಿಯಿತು, ಅಲ್ಲಿ ಪ್ರತಿ ಬೆರಳಗಲಕ್ಕೂ ಬಣ್ಣ ಬೇರೆ.

ನೆರಳಿಲ್ಲದೆ ಗೊಂಬೆ ಗಾಳಿಯಲ್ಲಿ ತೇಲಿದಂತಿತ್ತು. ಕೃತಕ ನೆರಳು ನನಗೆ ಹಿಡಿಸುವುದಿಲ್ಲ. ಮೂಲ ಫೋಟೋದ ಇನ್ನೊಂದು ನಕಲನ್ನು ಕಪ್ಪುಬಿಳುಪು ಮಾಡಿ ಗೊಂಬೆಯ ಕೆಳಗಿನ ಪದರದಲ್ಲಿಟ್ಟು ಮಲ್ಟಿಪ್ಲೈ ಎಂಬ ಬೆರಕೆಯ ಬಗೆ ಕೊಟ್ಟೆ. ಮೇಲಿನ ಅಂಕಿ, ಕೆಳಗಿನ ಅಂಕಿ ಗುಣಿಸಿ 255ರಿಂದ ಭಾಗಿಸುವ ಲೆಕ್ಕ ಅದು: ಅಚ್ಚ ಬಿಳಿ ಕಾಣದಂತಾಗಿ ನೆರಳಷ್ಟೇ ಉಳಿಯುತ್ತದೆ. ಧೋತರ ಅಚ್ಚ ಬಿಳಿ ಅಲ್ಲ, 225ರ ಆಸುಪಾಸು, ಹೀಗಾಗಿ ಕುಂಕುಮದ ಮೇಲೆ ಮಂಕು ಚೌಕ ಮೂಡಿತು. ಬೆಳಕು-ಕತ್ತಲೆ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಳಿಯ ಗುರುತನ್ನು 220ಕ್ಕೆ ಎಳೆದೆ, ಅದಕ್ಕಿಂತ ಮೇಲಿನದೆಲ್ಲ ಅಚ್ಚ ಬಿಳಿ ಆಯಿತು, ಚೌಕ ಹೋಯಿತು. ಉಳಿದ ಮಡಿಕೆಗಳನ್ನು ಮೆತ್ತನೆ ಬ್ರಷ್ಷಿನಿಂದ ಮಾಸ್ಕ್ ಮಾಡಿದೆ.

ಬೆಳಗ್ಗೆ ಕಾಕಾ ಬಂದಾಗ ಪದರಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ತೋರಿಸಿದೆ. ‘ನಾವೂ ಹಂಗ. ಮೊದಲ ಬಿಳಿ ಹಚ್ಚಿ, ಅದು ಒಣಗಿದ ಮ್ಯಾಲ ಬಣ್ಣ’ ಅಂದರು. ಬೆರಳಿನ ತುದಿಯನ್ನೇ ಸ್ವಲ್ಪ ಹೊತ್ತು ನೋಡಿದರು. ‘ಕುಂಕುಮ ಬ್ಯಾಡ, ಅರಿಶಿಣ ಹಾಕಿ ನೋಡೋಣು.’ ಹಿಂದಿನ ಪದರ ಆರಿಸಿ ಬಣ್ಣ ಸುರಿದೆ. ಅಂಚು ಸ್ವಚ್ಛವಾಗಿತ್ತು, ನೆರಳೂ ಅರಿಶಿಣದ ಮೇಲೆ ಸರಿಯಾಗಿ ಕೂತಿತು.