ನಾಲ್ಕು ಸುತ್ತು ಹೋಗಿ ನಿಂತ ಬೋಲ್ಟ್

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಲೇತ್ ಅಂಗಡಿ. ಕಾಫಿ ಕೊಯ್ಲು ಶುರುವಾದರೆ ಲೇತ್‌ಗಿಂತ ತೋಟದ ಕೆಲಸವೇ ಜಾಸ್ತಿ. ಅಂಥದ್ದೇ ಒಂದು ಸಂಜೆ ಮಲ್ಲಂದೂರು ಕಡೆಯ ತೋಟದ ಉಸ್ತುವಾರಿ ನೋಡುವ ರೈಟ್ರು ಫೋನ್ ಮಾಡಿದರು. "ಪಲ್ಪರ್ ಬೋಲ್ಟ್ ಬಿದ್ದುಹೋಗಿದೆ, ಬೇಗ ಬನ್ನಿ ಮಾರಾಯ್ರೇ." ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅವತ್ತು ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ರಾತ್ರಿಯಿಡೀ ರಾಶಿ ಬಿಟ್ಟರೆ ಹುಳಿ ಬರುತ್ತದೆ.

ಹಳೇ ಕಾಲದ ಬೀಡಿನ, ಅಂದರೆ ಎರಕದ ಕಬ್ಬಿಣದ, ಪಲ್ಪರ್. ಪಕ್ಕದ ಬೋಲ್ಟ್ ನೋಡಿ 8 ಎಂಎಂ ಅಂದುಕೊಂಡೆ. ಎಂ8, ಅಂದರೆ 8 ಎಂಎಂ ಮೆಟ್ರಿಕ್ ಬೋಲ್ಟ್, ಕೈಯಲ್ಲೇ ನಾಲ್ಕು ಸುತ್ತು ಹೋಯಿತು, ಆಮೇಲೆ ಬಿಗಿಯಾಯಿತು. ತುಕ್ಕು ಇರಬೇಕು ಅಂತ ಸ್ಪ್ಯಾನರ್ ಹಾಕಿ ಒತ್ತಿದೆ. ತಟ್ಟನೆ ಸಡಿಲ. ಬಿಚ್ಚಿದರೆ ತೂತಿನೊಳಗಿನ ಥ್ರೆಡ್, ಅಂದರೆ ಸುರುಳಿ ಏಣು, ಪುಡಿಪುಡಿ. ತಪ್ಪು ಪೂರ್ತಿ ನನ್ನದೇ.

ಆಗ ಪಕ್ಕದ ಬೋಲ್ಟ್ ಬಿಚ್ಚಿ ಸ್ಕೇಲ್ ಇಟ್ಟೆ. ಒಂದು ಇಂಚಿನಲ್ಲಿ 18 ಥ್ರೆಡ್. ಅಂದರೆ ಅದು 5/16 ಇಂಚಿನ ವಿಟ್‌ವರ್ತ್, ಹಳೇ ಇಂಚು ಲೆಕ್ಕದ ಥ್ರೆಡ್. ದಪ್ಪ 7.94 ಎಂಎಂ, ಕಣ್ಣಿಗೆ ಎಂ8 ಥರವೇ. ಆದರೆ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರ, ಅದೇ ಪಿಚ್, ಇದರಲ್ಲಿ 1.41 ಎಂಎಂ. ಎಂ8ರಲ್ಲಿ 1.25. ಒಂದೊಂದು ಸುತ್ತಿಗೂ 0.16 ಎಂಎಂನಷ್ಟು ಹಿಂದೆ ಬೀಳುತ್ತಾ ಹೋದರೆ ನಾಲ್ಕನೇ ಸುತ್ತಿಗೆ ಕಚ್ಚಿಕೊಳ್ಳದೆ ಇರುತ್ತಾ? ಥ್ರೆಡ್‌ನ ಕೋನವೂ ಬೇರೆ: ವಿಟ್‌ವರ್ತ್‌ಗೆ 55 ಡಿಗ್ರಿ, ಮೆಟ್ರಿಕ್‌ಗೆ 60.

ಆ ಹೊತ್ತಲ್ಲಿ ಇಂಚಿನ ಬೋಲ್ಟ್ ಎಲ್ಲಿ ಹುಡುಕೋದು? ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು ಎಂ10 ಹಾಕೋಣ ಅಂದೆ. ಸುತ್ತ ಬೀಡು ದಪ್ಪ ಇತ್ತು, ಧೈರ್ಯ ಬಂತು. ಡ್ರಿಲ್ ಬಿಟ್ ಲೆಕ್ಕ ಸುಲಭ: ಬೋಲ್ಟ್ ದಪ್ಪದಲ್ಲಿ ಪಿಚ್ ಕಳೆಯಿರಿ. 10ರಲ್ಲಿ 1.5 ಹೋದರೆ 8.5. ಹಳೇ ಥ್ರೆಡ್‌ನ ಗುರುತೂ ಆ ಬಿಟ್‌ಗೆ ಹೋಗಿಬಿಡುತ್ತದೆ. ಎಂ6ಕ್ಕೆ 5, ಎಂ8ಕ್ಕೆ 6.75 ಬರುತ್ತದೆ, ಅಂಗಡಿಯಲ್ಲಿ 6.8 ಕೇಳಿ. ಕಲಿಯುವ ಕಾಲದಲ್ಲಿ 'ಥ್ರೆಡ್ ಗಟ್ಟಿ ಬರಲಿ' ಅಂತ ಉಕ್ಕಿಗೆ 6.5 ಹೊಡೆದು ಎಂ8 ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ, ಮುರಿದಿದ್ದೆ. ಮುರಿದ ಟ್ಯಾಪ್ ತೆಗೆಯೋದು ಯಾರಿಗೂ ಬೇಡ. ಥ್ರೆಡ್‌ನ ಆಳ ಮುಕ್ಕಾಲು ಭಾಗ ಸಿಕ್ಕಿದರೆ ಧಾರಾಳ ಸಾಕು.

ಬೀಡಿಗೆ ಎಣ್ಣೆ ಹಾಕಲಿಲ್ಲ, ಒಣಗಿದ್ದರೇ ಪುಡಿ ಸಲೀಸಾಗಿ ಉದುರುತ್ತದೆ. ಫಸ್ಟ್ ಟ್ಯಾಪ್ ನೇರ ನಿಲ್ಲಿಸಿ, ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ. ಆಮೇಲೆ ಸೆಕೆಂಡ್, ಥರ್ಡ್. ಎಂ10 ದಾಟಲು ಮುಚ್ಚಳದ ತೂತನ್ನೂ 11ಕ್ಕೆ ದೊಡ್ಡದು ಮಾಡಬೇಕಾಯಿತು, ಅದು ಮೊದಲು ಹೊಳೆದೇ ಇರಲಿಲ್ಲ. ಒಂಬತ್ತಕ್ಕೆ ಪಲ್ಪರ್ ತಿರುಗಿತು.

ಉಳಿದ ಮೂರು ಬೋಲ್ಟ್ ಈಗಲೂ ಇಂಚಿನವೇ. ಅದಕ್ಕೇ ಹೊಸ ತೂತಿನ ಪಕ್ಕ ಪಂಚ್‌ನಲ್ಲಿ 'ಎಂ10' ಅಂತ ಹೊಡೆದು ಬಂದೆ.